ಟಿನ್ ಮೌಂಟನ್: ಜಾಡಿಲ್ಲದ ಬೆಟ್ಟದಿಂದ ಇಳಿದ ಕಥೆ

ಡೆತ್ ವ್ಯಾಲಿ ಎಂದರೆ ಎಲ್ಲರಿಗೂ ನೆನಪಾಗುವುದು ತಗ್ಗು. ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿರುವ ಬ್ಯಾಡ್‌ವಾಟರ್, 1913ರ ಜುಲೈ 10ರಂದು ಫರ್ನೇಸ್ ಕ್ರೀಕ್‌ನಲ್ಲಿ ದಾಖಲಾದ 56.7 ಡಿಗ್ರಿ ಸೆಲ್ಸಿಯಸ್ ಬಿಸಿ, ಉಪ್ಪಿನ ಬಯಲಿನಲ್ಲಿ ನಿಂತು ತೆಗೆಸಿಕೊಂಡ ಫೋಟೊ. ತಗ್ಗು ಎಂದ ಮೇಲೆ ಅದರ ಅಕ್ಕಪಕ್ಕ ಎತ್ತರವೂ ಇರಲೇಬೇಕಲ್ಲ, ಅದನ್ನು ಕೇಳುವವರು ಕಡಿಮೆ. ಕ್ಯಾಲಿಫೋರ್ನಿಯಾದ ಈ ರಾಷ್ಟ್ರೀಯ ಉದ್ಯಾನದ ವಾಯವ್ಯ ಮೂಲೆಯಲ್ಲಿ ಕಾಟನ್‌ವುಡ್ ಬೆಟ್ಟಸಾಲು ಇದೆ. ಅದರ ಅತಿ ಎತ್ತರದ ತುದಿಯೇ ಟಿನ್ ಮೌಂಟನ್: 8,953 ಅಡಿ, ಅಂದರೆ 2,729 ಮೀಟರ್. ದಕ್ಷಿಣ ಭಾರತದ ಅತ್ಯುನ್ನತ ಶಿಖರ ಆನೆಮುಡಿಗಿಂತ ಒಂದಿಷ್ಟು ಹೆಚ್ಚು. ಇಲ್ಲಿಗೆ ಕಾಲುದಾರಿ ಇಲ್ಲ, ನಾಮಫಲಕ ಇಲ್ಲ, ಒಂದು ಹನಿ ನೀರೂ ಇಲ್ಲ.

ಕ್ಯಾಲಿಫೋರ್ನಿಯಾದ ಸಿಯೆರಾ ಕ್ಲಬ್ಬಿನಲ್ಲಿ ಮರುಭೂಮಿಯ ಶಿಖರಗಳಿಗೆಂದೇ ಒಂದು ವಿಭಾಗವಿದೆ. 1941ರಲ್ಲಿ ಹುಟ್ಟಿದ್ದು. ನೂರರ ಆಸುಪಾಸಿನಲ್ಲಿ ಶಿಖರಗಳ ಪಟ್ಟಿ ಮಾಡಿ, ಒಂದೊಂದನ್ನೇ ಹತ್ತುತ್ತಾ ಹೋಗುವ ಹಟಮಾರಿಗಳ ಕೂಟ ಅದು. ಟಿನ್ ಮೌಂಟನ್ ಆ ಪಟ್ಟಿಯಲ್ಲಿದೆ. ಪಟ್ಟಿ ಮುಗಿಸುವ ಚಟ ನನಗಿಲ್ಲ. ಆದರೆ ಜನ ಸಿಗದ ಬೆಟ್ಟ ಯಾವುದೆಂದು ತಿಳಿಯಲು ಅಂಥ ಪಟ್ಟಿ ಬಹಳ ಉಪಯೋಗಕ್ಕೆ ಬರುತ್ತದೆ.

ಗುರುವಾರ

ಥ್ಯಾಂಕ್ಸ್‌ಗಿವಿಂಗ್ ರಜೆಗೆ ಊರೆಲ್ಲ ಟರ್ಕಿ ಕೋಳಿ ಬೇಯಿಸುತ್ತಿದ್ದಾಗ ನಾನೂ ಭಾವಮೈದುನನೂ ಸ್ಯಾನ್ ಫ್ರಾನ್ಸಿಸ್ಕೊ ಬಳಿಯ ಫ್ರೀಮಾಂಟ್‌ನಿಂದ ಬೆಳಗಿನ ಜಾವವೇ ಹೊರಟೆವು. ಅವನು ಎಂ.ಎಸ್. ಓದಲು ಬಂದವನು. ಕುಮಾರ ಪರ್ವತವನ್ನು ಕುಕ್ಕೆಯ ಕಡೆಯಿಂದ ಹತ್ತಿ ಇಳಿದವನಾದ್ದರಿಂದ ಕಾಲಿನ ಬಗ್ಗೆ ನನಗೆ ಅನುಮಾನವಿರಲಿಲ್ಲ. ನಮ್ಮ ಮಲೆನಾಡಿನ ಬೆಟ್ಟಗಳಲ್ಲಿ ಕಾಡು ಎರಡೂ ಕಡೆಯಿಂದ ಒತ್ತಿಕೊಂಡು ನಿಂತಿರುತ್ತದೆ, ದಾರಿ ಬಿಟ್ಟು ನಾಲ್ಕು ಹೆಜ್ಜೆ ಹೋಗುವುದೇ ಕಷ್ಟ. ಎಲ್ಲ ದಿಕ್ಕೂ ತೆರೆದಿರುವ ಬೆಟ್ಟದಲ್ಲಿ ಅವನು ಏನು ಮಾಡುತ್ತಾನೆ ಎಂಬ ಕುತೂಹಲ ನನಗಿತ್ತು.

ಚಳಿಗಾಲದಲ್ಲಿ ಯೊಸೆಮಿಟಿಯ ಟಿಯೋಗಾ ಪಾಸ್ ಹಿಮದಿಂದ ಮುಚ್ಚುವುದರಿಂದ ಸಿಯೆರಾ ನೆವಾಡ ಸಾಲನ್ನು ದಕ್ಷಿಣಕ್ಕೆ ಸುತ್ತಿಕೊಂಡೇ ಹೋಗಬೇಕು. ಬೇಕರ್ಸ್‌ಫೀಲ್ಡ್, ಗಾಳಿಯಂತ್ರಗಳು ತುಂಬಿದ ಟೆಹಾಚಪಿ, ಮೊಹಾವಿ, ಅಲ್ಲಿಂದ ಉತ್ತರಕ್ಕೆ ತಿರುಗಿ ಒಲಾಂಚ. ಐನೂರಕ್ಕೂ ಹೆಚ್ಚು ಮೈಲಿ. ಒಲಾಂಚದಲ್ಲಿ 190ನೇ ಹೆದ್ದಾರಿಗೆ ಹೊರಳಿದ ಮೇಲೆ ಮಳೆ ಎಲ್ಲಿ ಕಳೆದುಹೋಯಿತು ಎಂಬುದು ಕಣ್ಣಿಗೇ ಕಾಣುತ್ತದೆ. ಪೆಸಿಫಿಕ್ ಸಾಗರದಿಂದ ಬರುವ ಮೋಡಗಳನ್ನು ಸಿಯೆರಾ ಹಿಂಡುತ್ತದೆ, ಉಳಿದದ್ದನ್ನು ಇನ್ಯೋ ಸಾಲು ಹಿಂಡುತ್ತದೆ, ಕೊನೆಯ ಪಸೆಯನ್ನು ಪ್ಯಾನಮಿಂಟ್ ಬೆಟ್ಟಗಳು. ಕಣಿವೆಯ ತಳಕ್ಕೆ ವರ್ಷಕ್ಕೆ ಸಿಗುವುದು ಸುಮಾರು 50 ಮಿಲಿಮೀಟರ್. ಆಗುಂಬೆಯಲ್ಲಿ ಆಷಾಢದ ಒಂದು ದಿನಕ್ಕೆ ಅಷ್ಟು ಬಿದ್ದರೆ ಯಾರೂ ಅದನ್ನು ಮಳೆ ಎಂದು ಮಾತಾಡಿಕೊಳ್ಳುವುದಿಲ್ಲ. ಹಾಗೆಂದು ಇಲ್ಲಿನ ಮಳೆಯನ್ನು ಹಗುರವಾಗಿ ಕಾಣುವಂತಿಲ್ಲ. 2023ರ ಆಗಸ್ಟ್ 20ರಂದು ಹಿಲರಿ ಚಂಡಮಾರುತದ ಬಾಲ ತಗುಲಿ ವರ್ಷದ ಮಳೆಯೆಲ್ಲ ಒಂದೇ ದಿನ ಸುರಿದಾಗ ಉದ್ಯಾನದ ರಸ್ತೆಗಳು ಕೊಚ್ಚಿಹೋಗಿ ತಿಂಗಳುಗಟ್ಟಲೆ ಮುಚ್ಚಿದ್ದವು.

ಟೌನ್ ಪಾಸ್ ಇಳಿದು, ಸ್ಟವ್‌ಪೈಪ್ ವೆಲ್ಸ್‌ನಲ್ಲಿ ಬೆಲೆ ನೋಡದೆ ಟ್ಯಾಂಕ್ ತುಂಬಿಸಿ, ಉತ್ತರದ ಮೆಸ್ಕೀಟ್ ಸ್ಪ್ರಿಂಗ್ ಶಿಬಿರ ತಲುಪಿದಾಗ ಕತ್ತಲಾಗಿತ್ತು. ಇಲ್ಲಿ ಮುಂಗಡ ಕಾಯ್ದಿರಿಸುವ ಪದ್ಧತಿ ಇಲ್ಲ, ಮೊದಲು ಬಂದವರಿಗೆ ಜಾಗ. ರಜೆಯ ಜನಸಂದಣಿಯ ನಡುವೆ ಒಂದು ಮೂಲೆ ಸಿಕ್ಕಿತು. ಮುಖ್ಯವಾಗಿ, ಇಲ್ಲಿ ನಲ್ಲಿ ಇದೆ. ಒಬ್ಬೊಬ್ಬರಿಗೆ ಐದು ಲೀಟರ್ ನೀರು ತುಂಬಿಸಿಕೊಂಡೆವು. ನಾಳೆಯ ಬೆಟ್ಟಕ್ಕೆ ಹೊರುವ ಭಾರದಲ್ಲಿ ಐದು ಕಿಲೋ ಬರೀ ನೀರೇ ಎಂದಾಗ ಭಾವಮೈದುನ ತನ್ನ ಚೀಲದಿಂದ ಕ್ಯಾಮೆರಾದ ದೊಡ್ಡ ಲೆನ್ಸ್ ತೆಗೆದು ಕಾರಿನಲ್ಲಿಟ್ಟ. ನಾಲ್ಕು ದಿನಕ್ಕೆಂದು ಹೆಂಡತಿ ಕಟ್ಟಿಕೊಟ್ಟಿದ್ದ ಚಪಾತಿ, ಶೇಂಗಾ ಚಟ್ನಿಪುಡಿಯನ್ನು ಅವನು ಅರ್ಧಕ್ಕರ್ಧ ಅಲ್ಲೇ ಮುಗಿಸಿದ್ದರಿಂದ ಭಾರ ಇನ್ನಷ್ಟು ಕಡಿಮೆಯಾಯಿತು. ಒಲೆ ಹಚ್ಚಿ ನಾಳೆಯ ಚಿತ್ರಾನ್ನ ಮಾಡಿಟ್ಟು ಮಲಗಿದೆವು.

ಶುಕ್ರವಾರ

ನವೆಂಬರ್ ಕೊನೆಯಲ್ಲಿ ಇಲ್ಲಿ ಸೂರ್ಯ ನಾಲ್ಕೂವರೆಗೆಲ್ಲ ಮುಳುಗುತ್ತಾನೆ. ಬಿಸಿಲ ಕಾಟವಿಲ್ಲದ ತಿಂಗಳು ಬೇಕೆಂದರೆ ಗಿಡ್ಡ ಹಗಲನ್ನೂ ಒಪ್ಪಿಕೊಳ್ಳಬೇಕು. ಆದ್ದರಿಂದ ಬೆಳಗಿನ ಜಾವ ನಾಲ್ಕೂವರೆಗೇ ಕಾರು ಹೊರಟಿತು. ಯೂಬಿಹೀಬಿ ಜ್ವಾಲಾಮುಖಿ ಕುಳಿಯ ಪಕ್ಕದಲ್ಲಿ ಟಾರು ಮುಗಿಯುತ್ತದೆ, ರೇಸ್‌ಟ್ರ್ಯಾಕ್ ರಸ್ತೆ ಶುರುವಾಗುತ್ತದೆ. ಜಲ್ಲಿಯ ಮೇಲೆ ವಾಹನಗಳು ಓಡಿ ಓಡಿ ದಾರಿಯುದ್ದಕ್ಕೂ ಅಡ್ಡಡ್ಡ ಗೀರು ಎದ್ದಿವೆ. ನಿಧಾನ ಹೋದರೆ ಹಲ್ಲು ಕಟಕಟ, ಬೇಗ ಹೋದರೆ ಚೂಪುಗಲ್ಲಿಗೆ ಟಯರ್ ಬಲಿ. ಟಯರಿನ ಗಾಳಿ ಸ್ವಲ್ಪ ಇಳಿಸಿಕೊಂಡು, ಹತ್ತಾರು ಮೈಲಿ ದಕ್ಷಿಣಕ್ಕೆ ಏರುತ್ತಾ ಹೋದಾಗ ಕಾರಿನ ಬೆಳಕಿಗೆ ಜೋಶುವಾ ಮರಗಳು ಕಾಣಿಸಿಕೊಂಡವು. ಟಿನ್ ಪಾಸ್ ಹತ್ತಿರ ಬಂದಿತ್ತು. ಸುಮಾರು 4,900 ಅಡಿ. ಪೂರ್ವಕ್ಕೆ ಟಿನ್ ಮೌಂಟನ್, ಪಶ್ಚಿಮಕ್ಕೆ ಡ್ರೈ ಮೌಂಟನ್, ನಡುವೆ ನಾವು. ಕಾರನ್ನು ಬದಿಗೆ ನಿಲ್ಲಿಸಿ, ಅದರ ನೆತ್ತಿಗೆ ಬೆಳಕು ಪ್ರತಿಫಲಿಸುವ ಪಟ್ಟಿ ಅಂಟಿಸಿದೆ.

"ಇದು ಯಾಕೆ ಭಾವ? ಇಲ್ಲಿ ಇರುವುದು ಒಂದೇ ಕಾರು."

"ಬರುವಾಗ ಹೇಳುತ್ತೇನೆ."

ಮೊದಲ ಮೈಲಿ, ಸಾವಿರಾರು ವರ್ಷಗಳ ದಿಢೀರ್ ನೆರೆಗಳು ಬೆಟ್ಟದಿಂದ ತಂದು ಹರವಿದ ಕಲ್ಲುಮಣ್ಣಿನ ಇಳಿಜಾರು. ದೂರದಿಂದ ನಯವಾಗಿ ಕಾಣುತ್ತದೆ, ನಡೆಯಲು ಹೋದರೆ ಹತ್ತು ಮಾರಿಗೊಂದು ಒಣಹಳ್ಳ. ಇಳಿ, ಹತ್ತು, ಇಳಿ, ಹತ್ತು. ಮೊಣಕಾಲೆತ್ತರದ ಒರಟು ಪೊದೆಗಳು ಪ್ಯಾಂಟಿಗೆ ಗೀರುತ್ತವೆ. ಅವುಗಳ ನಡುವೆ ಕೆಂಪುಮುಳ್ಳಿನ ಗುಂಡುಕಳ್ಳಿಗಳು ಗುಂಪುಗುಂಪಾಗಿ ಕುಳಿತಿರುತ್ತವೆ, ಮುಗ್ಗರಿಸಿದವನು ಕೈಯೂರುವ ಜಾಗದಲ್ಲೇ. ಚರ್ಮದ ಕೈಗವಸು ತಂದಿದ್ದು ಚಳಿಗಲ್ಲ ಎಂದು ಭಾವಮೈದುನನಿಗೆ ಅರ್ಧ ಗಂಟೆಯಲ್ಲಿ ತಿಳಿಯಿತು.

ಬುಡ ತಲುಪಿದಾಗ ಬೆಳಕು ಹರಿದಿತ್ತು. ಅಲ್ಲಿಂದ ಒಂದು ಏಣು, ಅಂದರೆ ಬೆಟ್ಟದ ಚಾಚಿದ ಬೆನ್ನು, ನೇರ ಮೇಲಕ್ಕೆ ಎದ್ದಿದೆ. ಕಷ್ಟದ ಭಾಗ ಅದೇ. ಸುಣ್ಣಕಲ್ಲಿನ ಸಡಿಲ ಚೂರುಗಳು, ಕಡಿದಾದ ಇಳಿಜಾರು, ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಜಾರಿ ಹಿಂದಕ್ಕೆ. ಒಬ್ಬರ ನೇರ ಕೆಳಗೆ ಇನ್ನೊಬ್ಬರು ಹತ್ತಬಾರದು, ಉರುಳಿದ ಕಲ್ಲು ಎಲ್ಲಿಗೆ ಹೋಗುತ್ತದೆಂದು ಹೇಳಲಾಗದು. ಆದರೆ ದಾರಿ ಹುಡುಕುವ ಕೆಲಸ ಮಾತ್ರ ಇರಲಿಲ್ಲ. ಜಾಡಿಲ್ಲದ ಬೆಟ್ಟದ ಗುಟ್ಟು ಇದು: ಹತ್ತುವವನಿಗೆ ಬೆಟ್ಟವೇ ದಾರಿ ತೋರಿಸುತ್ತದೆ. ಏಣುಗಳೆಲ್ಲ ಮೇಲಕ್ಕೆ ಹೋದಂತೆ ಒಂದಕ್ಕೊಂದು ಕೂಡಿಕೊಂಡು ಕೊನೆಗೆ ಒಂದೇ ತುದಿಯಲ್ಲಿ ಮುಗಿಯುತ್ತವೆ. ಮೇಲಕ್ಕೆ ಹೋಗುತ್ತಿರುವವನು ತಪ್ಪುವುದು ಕಷ್ಟ. ಇಳಿಯುವಾಗ ಇದೇ ಲೆಕ್ಕ ತಿರುಗುಮುರುಗಾಗುತ್ತದೆ. ಒಂದೊಂದು ಏಣೂ ಕವಲೊಡೆಯುತ್ತದೆ, ಕವಲು ಮತ್ತೆ ಕವಲೊಡೆಯುತ್ತದೆ, ಮೇಲಿನಿಂದ ನೋಡಿದರೆ ಎಲ್ಲವೂ ಸರಿಯೇ ಎನಿಸುತ್ತದೆ. ಹಾಗಾಗಿ ಪ್ರತಿ ಕೂಡುಜಾಗದಲ್ಲೂ ನಿಂತು, ಹಿಂದಕ್ಕೆ ತಿರುಗಿ, ನಾವು ಬಂದ ಏಣು ಮೇಲಿನಿಂದ ಹೇಗೆ ಕಾಣುತ್ತದೆ ಎಂದು ನೋಡಿ ಫೋಟೊ ತೆಗೆದುಕೊಳ್ಳುತ್ತಿದ್ದೆ. ಭಾವಮೈದುನ ಇದನ್ನು ಉಸಿರು ತೆಗೆದುಕೊಳ್ಳುವ ನೆಪ ಎಂದುಕೊಂಡ. ಸ್ವಲ್ಪ ಅದೂ ನಿಜವೇ.

ಏಳು ಸಾವಿರ ಅಡಿಯ ಸುಮಾರಿಗೆ ಕುಳಿತಾಗ ಕೈಯ ಪಕ್ಕದ ಬಂಡೆಯಲ್ಲಿ ಏನೋ ಕಂಡಿತು. ಬೂದುಬಣ್ಣದ ಕಲ್ಲಿನ ಮೈಯಿಂದ ಅಂಗಿಗುಂಡಿಯಷ್ಟು ಪುಟ್ಟ ಬಿಲ್ಲೆಗಳು ಅರ್ಧ ಹೊರಗೆ ಎದ್ದಿದ್ದವು. ಸರಿಯಾಗಿ ನಡುವೆ ತೂತು. ಕೆಲವು ಒಂಟಿ, ಕೆಲವು ಒಂದರ ಮೇಲೊಂದು ಜೋಡಿಸಿಟ್ಟಂತೆ. ಸುತ್ತಲಿನ ಕಲ್ಲು ಮಳೆಗೆ, ಗಾಳಿಗೆ ಸವೆದಿದೆ, ಈ ಬಿಲ್ಲೆಗಳು ಮಾತ್ರ ಗಟ್ಟಿಯಾಗಿ ಉಳಿದಿವೆ. ಬೆರಳು ಸವರಿದರೆ ಅಂಚು ಇನ್ನೂ ಚೂಪು. ಇವು ಕ್ರೈನಾಯ್ಡ್ ಎಂಬ ಕಡಲಜೀವಿಯ ಕಾಂಡದ ತುಣುಕುಗಳು. ಭೂವಿಜ್ಞಾನದಲ್ಲಿ ಈ ಬೆಟ್ಟದ ಹೆಸರನ್ನೇ ಹೊತ್ತ ಸುಣ್ಣಕಲ್ಲಿನ ಸ್ತರವೊಂದಿದೆ. ಸುಮಾರು 35 ಕೋಟಿ ವರ್ಷಗಳ ಹಿಂದೆ ಇಲ್ಲಿದ್ದ ಬೆಚ್ಚನೆಯ, ಆಳವಿಲ್ಲದ ಸಮುದ್ರದ ತಳದಲ್ಲಿ ಕೂತ ಕೆಸರು ಅದು. ಬೆನ್ನ ಮೇಲೆ ಐದು ಲೀಟರ್ ನೀರು ಹೊತ್ತುಕೊಂಡು ಸಮುದ್ರದ ತಳದ ಮೇಲೆ ನಡೆಯುತ್ತಿದ್ದೇವೆ ಎಂದು ಭಾವಮೈದುನ ನಕ್ಕ. ಒಂದು ಬಿಲ್ಲೆ ಜೇಬಿಗಿಳಿಸುವ ಆಸೆ ಅವನ ಮುಖದಲ್ಲಿ ಕಂಡಿತು. ರಾಷ್ಟ್ರೀಯ ಉದ್ಯಾನದಲ್ಲಿ ಪಳೆಯುಳಿಕೆ ಮುಟ್ಟಿ ನೋಡಬಹುದು, ಒಯ್ಯುವಂತಿಲ್ಲ.

ಅಲ್ಲಿಂದ ಮೇಲೆ ಏರಿನ ಕಡಿದು ಕಡಿಮೆಯಾಯಿತು. ಜೂನಿಪರ್, ಪಿನ್ಯನ್ ಪೈನ್ ಮರಗಳು ಶುರುವಾದವು. ಕೆಳಗಿನ ಬೋಳು ಕಣಿವೆಯಿಂದ ನೋಡಿದವರಿಗೆ ಇಲ್ಲಿ ಮರಗಳಿವೆ ಎಂದರೆ ನಂಬಿಕೆ ಬರುವುದಿಲ್ಲ. ಎತ್ತರ ಹೆಚ್ಚಿದಂತೆ ತಂಪು, ತಂಪಿದ್ದಲ್ಲಿ ಒಂದಿಷ್ಟು ಹಿಮ, ಆ ಹಿಮದ ಪಸೆಯಲ್ಲೇ ಇವುಗಳ ಬದುಕು. ಈ ನೆಲದ ಮೂಲನಿವಾಸಿಗಳಾದ ಟಿಂಬಿಷಾ ಶೋಶೋನಿ ಜನ ಬೇಸಿಗೆಯ ಸುಡುಬಿಸಿಲಿಗೆ ಕಣಿವೆ ಬಿಟ್ಟು ಬೆಟ್ಟ ಸೇರುತ್ತಿದ್ದರು, ಪಿನ್ಯನ್ ಬೀಜಗಳನ್ನು ಕೂಡಿಡುತ್ತಿದ್ದರು. 1933ರಲ್ಲಿ ಸರ್ಕಾರ ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದಾಗ ಅವರನ್ನು ಯಾರೂ ಕೇಳಲಿಲ್ಲ. ಕಾನೂನಿನ ಪ್ರಕಾರ ತಮ್ಮದೆನ್ನಲು ಒಂದಿಷ್ಟು ನೆಲ ಅವರಿಗೆ ಮರಳಿ ಸಿಕ್ಕಿದ್ದು 2000ನೇ ಇಸವಿಯಲ್ಲಿ. "ಜನರಿಲ್ಲದ ಮರುಭೂಮಿ" ಎಂದು ಪ್ರವಾಸದ ಕರಪತ್ರಗಳು ಬರೆಯುವಾಗ ನನಗೆ ಈ ಸಂಗತಿ ನೆನಪಾಗುತ್ತದೆ.

ಹನ್ನೆರಡು ದಾಟಿದ ಮೇಲೆ ತುದಿ. ಪಶ್ಚಿಮಕ್ಕೆ ಇನ್ಯೋ ಸಾಲಿನ ಹಿಂದೆ ಸಿಯೆರಾ ನೆವಾಡದ ಹಿಮ, ದಕ್ಷಿಣದ ದೂರದಲ್ಲಿ ಉದ್ಯಾನದ ಅತಿ ಎತ್ತರದ ಟೆಲಿಸ್ಕೋಪ್ ಪೀಕ್, ಉತ್ತರಕ್ಕೆ ಬೆಳಿಗ್ಗೆ ಕತ್ತಲಲ್ಲಿ ದಾಟಿ ಬಂದ ಯೂಬಿಹೀಬಿ ಕುಳಿಯ ಸುತ್ತಲಿನ ಕಪ್ಪು ಬೂದಿ. ಗಾಳಿ ಎಷ್ಟಿತ್ತೆಂದರೆ ಬಂಡೆಯ ಮರೆಯಲ್ಲಿ ಕುಳಿತೇ ಇದನ್ನೆಲ್ಲ ನೋಡಬೇಕಾಯಿತು. ಕಲ್ಲುಗುಪ್ಪೆಯ ಅಡಿಯ ಡಬ್ಬಿಯಲ್ಲಿ ಹತ್ತಿದವರು ಹೆಸರು ಬರೆಯುವ ಪುಸ್ತಕವಿತ್ತು. ನಮಗಿಂತ ಹಿಂದಿನ ಬರಹಕ್ಕೆ ವಾರಗಳೇ ಕಳೆದಿದ್ದವು. ಭಾವಮೈದುನ ಕನ್ನಡದಲ್ಲಿ ಎರಡು ಸಾಲು ಬರೆದು, ಕೆಳಗೆ ಊರಿನ ಹೆಸರನ್ನು ಜಿಲ್ಲೆ ಸಮೇತ ಸೇರಿಸಿದ. ಪಿನ್‌ಕೋಡ್ ಒಂದು ಬಾಕಿ ಉಳಿಯಿತು.

ಮೊಬೈಲ್ ಸಿಗ್ನಲ್ ಇಲ್ಲದ ಕಾರಣ ಸ್ಯಾಟಲೈಟ್ ಮೆಸೆಂಜರ್ ಒಯ್ದಿದ್ದೆವು. ಅದು ಹತ್ತು ನಿಮಿಷಕ್ಕೊಮ್ಮೆ ನಾವಿರುವ ಜಾಗವನ್ನು ಮನೆಯವರಿಗೆ ನಕ್ಷೆಯ ಮೇಲೆ ಚುಕ್ಕೆಯಾಗಿ ತೋರಿಸುತ್ತದೆ, ಸಣ್ಣ ಸಂದೇಶವನ್ನೂ ಕಳಿಸುತ್ತದೆ. ಅದರಲ್ಲಿ ಭಾವಮೈದುನ ಅಕ್ಕನಿಗೆ ಬರೆದ: "ತುದಿಯಲ್ಲಿದ್ದೇವೆ. ಚಿತ್ರಾನ್ನ ಖಾಲಿ."

ಒಂದು ಗಂಟೆಯ ಒಳಗೆ ಇಳಿಯಲು ಶುರುಮಾಡಿದೆವು. ಮುಂದೆ ಅವನು, ಹಿಂದೆ ನಾನು. ಮರಗಳ ನಡುವೆ ಸಲೀಸಾಗಿ ಸಾಗಿದ ಮೇಲೆ ಏಣು ಕವಲೊಡೆಯುವ ಜಾಗ ಬಂತು. ಅವನು ಬಲಕ್ಕೆ ಹೊರಳಿ ಕೂಗಿದ:

"ಭಾವ, ಇಲ್ಲಿ ನೋಡಿ, ಜಾಡಿದೆ!"

ಇತ್ತು. ಒಂದು ಪಾದ ಅಗಲದ, ಚೊಕ್ಕಟವಾದ, ಇಳಿಜಾರನ್ನು ಅಡ್ಡಹಾಯುವ ಜಾಡು. ಬೆಳಗಿನಿಂದ ಸಡಿಲಗಲ್ಲಿನ ಮೇಲೆ ಒದ್ದಾಡಿದ ಕಾಲಿಗೆ ಅದಕ್ಕಿಂತ ದೊಡ್ಡ ಆಮಿಷ ಇನ್ನೊಂದಿಲ್ಲ. ಅವನ ಹಿಂದೆ ಇನ್ನೂರು ಅಡಿಯಷ್ಟು ಇಳಿದು ನಾನು ಅವನನ್ನು ನಿಲ್ಲಿಸಿದೆ. ಜಾಡಿನ ಮಧ್ಯದಲ್ಲಿ ಹಿಕ್ಕೆ ಬಿದ್ದಿತ್ತು. ಒಣಗಿದ, ಕಪ್ಪು, ಒಂದು ಕಡೆ ಚೂಪಾದ ಗುಳಿಗೆಗಳು. ಮರುಭೂಮಿಯ ಬಿಗ್‌ಹಾರ್ನ್ ಕುರಿಗಳದ್ದು. ಈ ಬೆಟ್ಟದಲ್ಲಿ ಜಾಡು ಮಾಡುವಷ್ಟು ಓಡಾಡುವವರು ಅವರೇ. ಅವರ ದಾರಿ ನಮ್ಮ ಕಾರಿನ ಕಡೆಗೆ ಹೋಗಬೇಕೆಂಬ ನಿಯಮವೇನಿಲ್ಲ.

"ಕುರಿ ಹೋಗುತ್ತದೆ ಎಂದರೆ ನಾವೂ ಹೋಗಬಹುದಲ್ಲ?"

"ಕುರಿ ಕಡಿದಾದ ಬಂಡೆಯಲ್ಲೂ ಇಳಿಯುತ್ತದೆ. ನಕ್ಷೆ ತೆಗಿ."

ನಕ್ಷೆಯಲ್ಲಿ ಎತ್ತರದ ಗೆರೆಗಳು ನಮ್ಮ ಕೆಳಗೆ ಸ್ವಲ್ಪ ದೂರ ಬಿಡಿಬಿಡಿಯಾಗಿದ್ದು, ಆಮೇಲೆ ಒಂದರ ಮೇಲೊಂದು ಬಿದ್ದು ದಪ್ಪ ಪಟ್ಟೆಯಾಗಿದ್ದವು. ಅಂದರೆ ಪ್ರಪಾತ. ನಿಂತ ಜಾಗದಿಂದ ಅದು ಕಾಣುತ್ತಿರಲಿಲ್ಲ. ಉಬ್ಬಿದ ಇಳಿಜಾರಿನಲ್ಲಿ ಮುಂದಿನ ಕುಸಿತ ಯಾವಾಗಲೂ ಮರೆಯಾಗಿರುತ್ತದೆ, ಕಾಣುವುದು ಅದರಾಚೆಯ ಸಮತಟ್ಟು ನೆಲ ಮಾತ್ರ. ಅವನಿಗೆ ಇಳಿದದ್ದನ್ನು ಮತ್ತೆ ಹತ್ತುವ ಮನಸ್ಸಿಲ್ಲ. "ಇನ್ನೊಂದು ನೂರು ಅಡಿ ಇಳಿದು ನೋಡೋಣ" ಎಂದ. ಇಂಥ ಬೆಟ್ಟಗಳಲ್ಲಿ ಜನ ಸಿಕ್ಕಿಹಾಕಿಕೊಳ್ಳುವುದು ಈ ಮಾತಿನಿಂದಲೇ. ನೂರು ಅಡಿ ಇಳಿದ ಮೇಲೆ ಇನ್ನೂ ನೂರು, ಆಮೇಲೆ ಒಂದು ಸಣ್ಣ ಬಂಡೆಯಿಂದ ಜಿಗಿತ, ಜಿಗಿದ ಮೇಲೆ ಹಿಂದಕ್ಕೆ ಹತ್ತಲಾಗದು. ವಾದ ನಡೆಯಿತು. ಕೊನೆಗೆ ಮೊಬೈಲಿನಲ್ಲಿ ಬೆಳಗಿನ ಫೋಟೊ ತೆಗೆದು ತೋರಿಸಿದೆ: ಕವಲಿನಲ್ಲಿ ಎರಡು ಜೂನಿಪರ್, ಒಂದು ಹಸಿರು, ಒಂದು ಒಣಗಿ ಬೆಳ್ಳಗಾದದ್ದು. ನಮ್ಮ ಏಣು ಒಣಮರದ ಎಡಕ್ಕೆ. ನಾವು ಹಸಿರು ಮರದ ಬಲದಿಂದ ಇಳಿದಿದ್ದೆವು. ಅವನು ಮಾತಿಲ್ಲದೆ ತಿರುಗಿ ಹತ್ತತೊಡಗಿದ.

ಅಷ್ಟರಲ್ಲಿ ಒಂದು ಗಂಟೆ ಕೈಬಿಟ್ಟಿತ್ತು. ಕಡಿದಾದ ಏಣನ್ನು ಬೆಳಕಿರುವಾಗಲೇ ಮುಗಿಸಬೇಕೆಂದು ಎಲ್ಲೂ ಕೂರಲಿಲ್ಲ. ಸೂರ್ಯ ಡ್ರೈ ಮೌಂಟನ್ ಹಿಂದೆ ಸರಿದದ್ದೇ ತಡ, ಚಳಿ ಬೆನ್ನಿಗಿಳಿಯಿತು. ಬುಡಕ್ಕೆ ಬಂದಾಗ ತಲೆದೀಪ ಹಚ್ಚಬೇಕಾಯಿತು. ಮುಂದಿನದು ಅದೇ ಒಣಹಳ್ಳಗಳ ಒಂದು ಮೈಲಿ. ತಲೆದೀಪದ ಬೆಳಕಿನಲ್ಲಿ ಪ್ರಪಂಚ ಹತ್ತು ಮಾರಿಗೆ ಮುಗಿಯುತ್ತದೆ, ಪ್ರತಿ ಹಳ್ಳವೂ ನಡೆಯುವವನನ್ನು ತನ್ನ ದಿಕ್ಕಿಗೆ ಎಳೆಯುತ್ತದೆ. ಜಿಪಿಎಸ್‌ನಲ್ಲಿ ಗುರುತಿಟ್ಟ ಜಾಗಕ್ಕೆ ಹತ್ತಿರವಾದೆವು ಎನ್ನುವಾಗಲೂ ಕಾರಿಲ್ಲ. ಭಾವಮೈದುನ ತಲೆಯನ್ನು ನಿಧಾನವಾಗಿ ಎಡದಿಂದ ಬಲಕ್ಕೆ ತಿರುಗಿಸಿದ. ದೂರದಲ್ಲಿ ಒಂದು ಗೆರೆ ಫಳಕ್ಕನೆ ಹೊಳೆಯಿತು.

"ಸರಿ, ಪಟ್ಟಿ ಯಾಕೆಂದು ಗೊತ್ತಾಯಿತು" ಎಂದ.

"ಕಾರಿನಲ್ಲಿದ್ದೇವೆ, ಕ್ಷೇಮ" ಎಂದು ಮನೆಗೆ ಸಂದೇಶ ಹೋಯಿತು. ಅವನ ಶೂಗಳ ಮುಂಭಾಗವನ್ನು ಸುಣ್ಣಕಲ್ಲು ತಿಂದುಹಾಕಿತ್ತು, ಒಂದರ ಅಟ್ಟೆ ಬಾಯಿಬಿಟ್ಟಿತ್ತು.

ಶನಿವಾರ

ತೊಡೆಗಳು ಮುಷ್ಕರ ಹೂಡಿದ್ದವು. ಕಾರಿನಲ್ಲೇ ರೇಸ್‌ಟ್ರ್ಯಾಕ್ ಬಯಲಿಗೆ ಹೋದೆವು. ದಾರಿಯಲ್ಲಿ ಟೀಕೆಟಲ್ ಜಂಕ್ಷನ್ ಎಂಬ ಕವಲುದಾರಿ, ಅದರ ಕಂಬದ ತುಂಬ ಪ್ರವಾಸಿಗರು ತಂದು ನೇತುಹಾಕಿದ ಚಹಾ ಕೆಟಲ್‌ಗಳು. ಬಯಲಿನಲ್ಲಿ ತಾವೇ ಚಲಿಸುವ ಕಲ್ಲುಗಳಿವೆ, ಹಿಂದೆ ಉದ್ದನೆಯ ಗೀರು ಬಿಟ್ಟಿರುತ್ತವೆ. ದೆವ್ವ, ಕಾಂತ, ಬಿರುಗಾಳಿ ಎಂದು ದಶಕಗಳ ಕಾಲ ಊಹೆ ನಡೆದಿತ್ತು. 2013ರ ಡಿಸೆಂಬರಿನಲ್ಲಿ ರಿಚರ್ಡ್ ನಾರಿಸ್ ಮತ್ತು ಜೇಮ್ಸ್ ನಾರಿಸ್ ಕಣ್ಣೆದುರೇ ಕಲ್ಲುಗಳು ಸರಿಯುವುದನ್ನು ಕಂಡರು, ಮರುವರ್ಷ ಪ್ರಕಟಿಸಿದರು. ಬಯಲಿನಲ್ಲಿ ನಿಂತ ತೆಳುನೀರು ರಾತ್ರಿ ಹೆಪ್ಪುಗಟ್ಟುತ್ತದೆ, ಬೆಳಗಿನ ಬಿಸಿಲಿಗೆ ಮಂಜಿನ ಹಾಳೆ ಒಡೆಯುತ್ತದೆ, ಕೆಲವೇ ಮಿಲಿಮೀಟರ್ ದಪ್ಪದ ಆ ಹಾಳೆಗಳನ್ನು ಸಾಧಾರಣ ಗಾಳಿ ತಳ್ಳುತ್ತದೆ, ಅವು ಕಲ್ಲನ್ನು ತಳ್ಳುತ್ತವೆ. ನಿಮಿಷಕ್ಕೆ ಕೆಲವು ಮೀಟರ್, ಅಷ್ಟೇ. ಉತ್ತರ ತಿಳಿದ ಮೇಲೆ ಸ್ವಾರಸ್ಯ ಹೋಯಿತು ಎನ್ನುವವರಿದ್ದಾರೆ. ನನಗಂತೂ ದೆವ್ವಕ್ಕಿಂತ ಮಂಜೇ ಇಷ್ಟವಾಯಿತು.

ಹಿಂದಿರುಗುವಾಗ ಟಯರೊಂದು ಸೀಳಿತು. ಈ ರಸ್ತೆಯಲ್ಲಿ ಅದು ಸುದ್ದಿಯಲ್ಲ. ಹೆಚ್ಚುವರಿ ಟಯರ್ ಹಾಕಿಕೊಂಡು ಮೆಸ್ಕೀಟ್ ಸ್ಪ್ರಿಂಗ್ ಸೇರಿದೆವು.

ಭಾನುವಾರ

ಬಂದ ದಾರಿಯಲ್ಲೇ ವಾಪಸು. ಭಾವಮೈದುನ ಬಾಯಿಬಿಟ್ಟ ಶೂ ಕಳಚಿ, ಹವಾಯಿ ಚಪ್ಪಲಿಯಲ್ಲಿ ಕುಳಿತಿದ್ದ. 395ನೇ ಹೆದ್ದಾರಿ ಸೇರಿದ ಕೂಡಲೇ ಫೋನ್ ಜೀವ ಪಡೆದು ಬಡಿದುಕೊಂಡಿತು. ಹೆಂಡತಿ. ಸ್ಪೀಕರಿಗೆ ಹಾಕಿದೆ. ಕ್ಷೇಮಸಮಾಚಾರ ಎರಡು ವಾಕ್ಯದಲ್ಲಿ ಮುಗಿಯಿತು.

"ಶುಕ್ರವಾರ ಮಧ್ಯಾಹ್ನ ನಿಮ್ಮ ಚುಕ್ಕೆಗಳು ಪಕ್ಕಕ್ಕೆ ಇಳಿದು, ಒಂದೇ ಜಾಗದಲ್ಲಿ ಅರ್ಧ ಗಂಟೆ ನಿಂತು, ಮತ್ತೆ ಮೇಲಕ್ಕೆ ಹತ್ತಿದವಲ್ಲ, ಅಲ್ಲಿ ಏನು ಮಾಡುತ್ತಿದ್ದಿರಿ?"

ನಾನು ರಸ್ತೆ ನೋಡಿದೆ. ಭಾವಮೈದುನ ನನಗಿಂತ ಚುರುಕು.

"ಊಟಕ್ಕೆ ಕುಳಿತಿದ್ದೆವು ಅಕ್ಕ. ಚಿತ್ರಾನ್ನ."

"ಚಿತ್ರಾನ್ನ ತುದಿಯಲ್ಲೇ ಖಾಲಿ ಎಂದು ನೀನೇ ಬರೆದಿದ್ದೆಯಲ್ಲೋ?"